‘ಡಯಾಗ್ರಾಮ್’ ಎಂದರೆ ಬರೀ ಚಿತ್ರವೇ?

ಬೋಧನಾಭ್ಯಾಸದ ಪಾಠಯೋಜನೆಯಲ್ಲಿ ‘ಪಾಠೋಪಕರಣಗಳು’ ಎಂಬ ಅಂಕಣದ ಎದುರು ನಾವೆಲ್ಲ ಒಂದು ಪದ ಬರೆಯುತ್ತೇವೆ: ಚಿತ್ರಪಟ. ಎಸ್.ಎಸ್.ಎಲ್.ಸಿ. ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಅದೇ ‘ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂದಾಗುತ್ತದೆ. ಶಿಕ್ಷಕರ ಕೊಠಡಿಯಲ್ಲಿ ಮಾತಾಡುವಾಗ ಮಾತ್ರ ಯಾರೂ ಚಿತ್ರ ಎನ್ನುವುದಿಲ್ಲ. ‘ಡಯಾಗ್ರಾಮ್ ಹಾಕಿಸಿದ್ರಾ?’, ‘ಡಯಾಗ್ರಾಮ್ ಪ್ರಾಕ್ಟೀಸ್ ಮಾಡಿಸಿ’ ಎನ್ನುತ್ತಾರೆ. ಪದ ಇಂಗ್ಲಿಷಿನದಾದರೂ ನಮ್ಮ ಶಾಲೆಗಳಲ್ಲಿ ಅದು ಪರಕೀಯವಾಗಿ ಉಳಿದಿಲ್ಲ. ಆದರೆ ಅದರ ಅರ್ಥ ಅದರ ಜೊತೆಗೇ ಒಳಗೆ ಬಂದಿದೆಯೇ ಎಂಬ ಅನುಮಾನ ನನಗೆ ಬಂದದ್ದು ಹತ್ತನೆಯ ತರಗತಿಯ ಒಂದು ಪಾಠದಲ್ಲಿ. ಆ ಪಾಠದಿಂದಲೇ ಆರಂಭಿಸುತ್ತೇನೆ.

ನನಗೆ ಹಂಚಿಕೆಯಾಗಿದ್ದ ಪ್ರೌಢಶಾಲೆಯ ಹತ್ತನೆಯ ತರಗತಿಯ ಕಿಟಕಿಯಿಂದ ಶಿವಗಂಗೆ ಬೆಟ್ಟ ನೇರವಾಗಿ ಕಾಣುತ್ತದೆ. ಅಂದಿನ ಪಾಠ ಪೀನ ಮಸೂರದಿಂದ ಉಂಟಾಗುವ ಪ್ರತಿಬಿಂಬ. ಕಪ್ಪುಹಲಗೆಯ ಮೇಲೆ ಪ್ರಧಾನ ಅಕ್ಷ ಎಳೆದು, ಮಸೂರ ಬರೆದು, ಎಡಗಡೆ ಬಾಣದ ಗುರುತಿನ ವಸ್ತುವನ್ನು ನಿಲ್ಲಿಸಿದೆ. ಬಾಣದ ತುದಿಯಿಂದ ಎರಡು ಕಿರಣಗಳನ್ನು ಎಳೆದೆ. ಒಂದು ಅಕ್ಷಕ್ಕೆ ಸಮಾಂತರವಾಗಿ ಹೋಗಿ ಮಸೂರದಲ್ಲಿ ಬಾಗಿ ಸಂಗಮ ಬಿಂದುವಿನ ಮೂಲಕ ಸಾಗುವುದು, ಇನ್ನೊಂದು ಮಸೂರದ ಮಧ್ಯಬಿಂದುವಿನ ಮೂಲಕ ನೇರವಾಗಿ ಹೋಗುವುದು. ಎರಡೂ ಕೂಡಿದ ಕಡೆ ತಲೆಕೆಳಗಾದ ಪ್ರತಿಬಿಂಬ. ಮಕ್ಕಳು ಸ್ಕೇಲು, ಪೆನ್ಸಿಲ್ ಹಿಡಿದು ನನಗಿಂತ ನೀಟಾಗಿಯೇ ಬರೆದರು. ಪಾಠ ವೀಕ್ಷಿಸುತ್ತಿದ್ದವರು ವೀಕ್ಷಣಾ ಪುಸ್ತಕದಲ್ಲಿ ‘ಕಪ್ಪುಹಲಗೆಯ ಬಳಕೆ ಉತ್ತಮ, ಚಿತ್ರ ಅಂದವಾಗಿದೆ’ ಎಂದು ಬರೆದರು. ನನಗೂ ಸಂತೋಷವಾಯಿತು.

ಪೀರಿಯಡ್ ಮುಗಿಯಲು ಐದು ನಿಮಿಷ ಇದ್ದಾಗ ಪಠ್ಯದ ಅಭ್ಯಾಸದಲ್ಲಿರುವ ಪ್ರಶ್ನೆಯೊಂದನ್ನು ಕೇಳಿದೆ. ಪೀನ ಮಸೂರದ ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ವಸ್ತುವಿನ ಪೂರ್ಣ ಪ್ರತಿಬಿಂಬ ದೊರೆಯುತ್ತದೆಯೇ? ಇಡೀ ತರಗತಿ ಒಂದೇ ಧ್ವನಿಯಲ್ಲಿ ‘ಇಲ್ಲ ಮಿಸ್, ಅರ್ಧ ಬರುತ್ತೆ’ ಎಂದಿತು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಮಾತ್ರ ಸುಮ್ಮನಿದ್ದಳು. ‘ನೀನು ಹೇಳಮ್ಮ’ ಎಂದೆ. ಅವಳು ಎದ್ದು ಬೋರ್ಡಿನ ಹತ್ತಿರ ಬಂದು, ನಾನು ಬರೆದಿದ್ದ ಮಸೂರದ ಮೇಲಿನ ಅರ್ಧವನ್ನು ಅಂಗೈಯಿಂದ ಮುಚ್ಚಿದಳು.

‘ಅರ್ಧವೂ ಬರಲ್ಲ ಮಿಸ್. ಈ ಮೇಲಿನ ಕಿರಣ ನಿಂತೋಯ್ತು. ಮಧ್ಯದ್ದು ಒಂದೇ ಉಳೀತು. ಎರಡು ಸೇರಿದ್ರೆ ತಾನೆ ಪ್ರತಿಬಿಂಬ?’

ನಾನು ಬರೆದ ಚಿತ್ರವನ್ನು ನಂಬಿ ಯೋಚಿಸಿದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಉಳಿದವರು ಊಹಿಸಿದ್ದರು, ಅವಳು ತರ್ಕ ಮಾಡಿದ್ದಳು, ಅಷ್ಟೇ ವ್ಯತ್ಯಾಸ. ನಾನು ಗಾಬರಿಯಲ್ಲಿ ‘ಇಲ್ಲ, ಪೂರ್ಣ ಪ್ರತಿಬಿಂಬವೇ ಬರುತ್ತೆ, ಬೆಳಕು ಮಾತ್ರ ಕಡಿಮೆ ಆಗುತ್ತೆ, ಬರ್ಕೊಳ್ಳಿ’ ಎಂದೆ. ಎಲ್ಲರೂ ಬರೆದುಕೊಂಡರು. ಅವಳೂ ಬರೆದುಕೊಂಡಳು. ಗಂಟೆ ಹೊಡೆಯಿತು.

ಮರುದಿನ ಪ್ರಯೋಗಾಲಯದ ಬೀರುವಿನಿಂದ ಹಿಡಿಕೆಯಿರುವ ಒಂದು ಮಸೂರ ತೆಗೆದುಕೊಂಡು ಹೋದೆ. ಒಂದು ಕಿಟಕಿ ಬಿಟ್ಟು ಉಳಿದವನ್ನೆಲ್ಲ ಮುಚ್ಚಿಸಿ, ಒಬ್ಬನ ಕೈಯಲ್ಲಿ ಬಿಳಿ ಹಾಳೆ ಹಿಡಿಸಿ, ಮಸೂರವನ್ನು ಹಿಂದೆ ಮುಂದೆ ಸರಿಸುತ್ತ ಹೋದಂತೆ ಹಾಳೆಯ ಮೇಲೆ ಬೆಟ್ಟ ಬಂತು. ಅಂಗೈಗಿಂತ ಚಿಕ್ಕದು, ತಲೆಕೆಳಗು, ಬಂಡೆಯ ಬೂದುಬಣ್ಣ, ಕೆಳಗೆ ನೀಲಿ ಆಕಾಶ. ತರಗತಿಯಲ್ಲಿ ಎದ್ದ ಗದ್ದಲ ಪಕ್ಕದ ಕೊಠಡಿಗೂ ಕೇಳಿಸಿತು. ಆಗ ಹಿಂದಿನ ದಿನದ ಹುಡುಗಿಯನ್ನೇ ಕರೆದು ರಟ್ಟಿನಿಂದ ಮಸೂರದ ಅರ್ಧ ಮುಚ್ಚಲು ಹೇಳಿದೆ. ಬೆಟ್ಟದ ಯಾವ ಭಾಗವೂ ಹೋಗಲಿಲ್ಲ. ಬುಡದಿಂದ ತುದಿಯವರೆಗೆ ಹಾಗೇ ಇತ್ತು, ಸ್ವಲ್ಪ ಮಬ್ಬಾಯಿತು ಅಷ್ಟೇ. ಅವಳು ರಟ್ಟನ್ನು ಕೆಳಗಿನ ಅರ್ಧಕ್ಕೆ ಹಿಡಿದು ನೋಡಿದಳು, ಪಕ್ಕಕ್ಕೆ ಹಿಡಿದು ನೋಡಿದಳು. ಎಲ್ಲದಕ್ಕೂ ಫಲಿತಾಂಶ ಒಂದೇ.

ಬೋರ್ಡಿಗೆ ಮರಳಿ ಹಿಂದಿನ ದಿನದ ಚಿತ್ರವನ್ನೇ ಮತ್ತೆ ಬರೆದೆ. ಈ ಸಲ ಬಾಣದ ಅದೇ ತುದಿಯಿಂದ ಮಸೂರದ ಕೆಳಭಾಗಕ್ಕೆ ಮತ್ತೆ ಆರೇಳು ಕಿರಣಗಳನ್ನು ಎಳೆದು, ಎಲ್ಲವೂ ಅದೇ ಒಂದು ಬಿಂದುವಿಗೆ ಬಂದು ಸೇರುವುದನ್ನು ತೋರಿಸಿದೆ. ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ಮಸೂರದ ಪ್ರತಿಯೊಂದು ಭಾಗಕ್ಕೂ ಬೀಳುತ್ತದೆ. ಅವುಗಳಲ್ಲಿ ಎರಡನ್ನು ಮಾತ್ರ ಬರೆಯುವುದಕ್ಕೆ ಕಾರಣ ಸರಳ. ಆ ಎರಡರ ದಾರಿ ಲೆಕ್ಕವಿಲ್ಲದೆ ನಮಗೆ ಗೊತ್ತು, ಮತ್ತು ಒಂದು ಬಿಂದುವನ್ನು ಗುರುತಿಸಲು ಎರಡು ಗೆರೆ ಸಾಕು. ಮಿಕ್ಕವನ್ನು ಬಿಟ್ಟಿರುವುದು ನಮ್ಮ ಅನುಕೂಲಕ್ಕೆ. ಮಕ್ಕಳಿಗೆ ಅದು ಹೇಗೆ ಗೊತ್ತಾಗಬೇಕು? ಅವರ ಪಾಲಿಗೆ ಬೆಳಕು ಎಂದರೆ ಆ ಎರಡು ಗೆರೆ. ‘ಇದನ್ನ ನಿನ್ನೇನೇ ಹೇಳಬಹುದಿತ್ತಲ್ಲ ಮಿಸ್’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದ ನಾನೂ ಆ ಎರಡು ಕಿರಣಗಳನ್ನು ನೂರಾರು ಸಲ ಎಳೆದಿದ್ದೇನೆ. ಉಳಿದ ಕಿರಣಗಳೆಲ್ಲ ಎಲ್ಲಿ ಹೋದವು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಈಗ ಪದಕ್ಕೆ ಬರೋಣ. ‘ಡಯಾಗ್ರಾಮ್’ ಗ್ರೀಕ್ ಮೂಲದ ಪದ. ‘ಡಯಾ’ ಎಂದರೆ ಮೂಲಕ, ಆಚೆಯವರೆಗೆ. ‘ಗ್ರಾಫೈನ್’ ಎಂದರೆ ಬರೆಯುವುದು. ಗೆರೆಗಳಿಂದ ಗುರುತಿಸಿ ತೋರಿಸಿದ್ದು ಎಂಬುದು ಒಟ್ಟು ಅರ್ಥ. ಆ ಗ್ರೀಕ್ ಕ್ರಿಯಾಪದ ಅಕ್ಷರ ಬರೆಯುವುದಕ್ಕೂ ಗೆರೆ ಎಳೆಯುವುದಕ್ಕೂ ಒಂದೇ ಆಗಿತ್ತು ಎಂದು ಓದಿದಾಗ ನನಗೆ ನಮ್ಮ ‘ಬರೆ’ ನೆನಪಾಯಿತು. ಕನ್ನಡದಲ್ಲಿ ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಈ ಎರಡಕ್ಕೆ ಬೇರೆ ಬೇರೆ ಕ್ರಿಯಾಪದಗಳಿವೆ, ನಮ್ಮಲ್ಲಿ ಒಂದೇ. ಹಾಗೆ ನೋಡಿದರೆ ಡಯಾಗ್ರಾಮ್ ಎಂಬುದು ನೋಡಲಿಕ್ಕಿಂತ ಓದಲಿಕ್ಕೆ ಇರುವ ವಸ್ತು ಎಂಬ ತಿಳಿವಳಿಕೆ ಕನ್ನಡದ ಮಗುವಿಗೆ ಸುಲಭವಾಗಿ ಸಿಗಬೇಕು. ಇದಕ್ಕಿಂತಲೂ ನನಗೆ ಇಷ್ಟವಾದದ್ದು ‘ಬಿಡಿಸು’. ಚಿತ್ರ ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ. ಸಿಕ್ಕಾಗಿರುವುದನ್ನು ಬಿಡಿಬಿಡಿಯಾಗಿಸುವುದು ಎಂಬ ಅರ್ಥ ಎಲ್ಲದರಲ್ಲೂ ಇದೆ. ಡಯಾಗ್ರಾಮಿನ ಕೆಲಸವೂ ಅದೇ.

ಇಂಗ್ಲಿಷಿನಲ್ಲಿ ಇದರ ನೆರೆಹೊರೆಯ ಪದಗಳು ಕೆಲವಿವೆ. ‘ಇಲ್ಲಸ್ಟ್ರೇಷನ್’ ಎಂಬುದು ಬೆಳಕು ಬೀರು ಎಂಬ ಲ್ಯಾಟಿನ್ ಮೂಲದಿಂದ ಬಂದದ್ದು. ಕಥೆಯ ಪಕ್ಕದಲ್ಲಿರುವ ಚಿತ್ರವೂ ಇಲ್ಲಸ್ಟ್ರೇಷನ್, ಮಾತಿನಲ್ಲಿ ಕೊಡುವ ಉದಾಹರಣೆಯೂ ಇಲ್ಲಸ್ಟ್ರೇಷನ್. ಸೂಕ್ಷ್ಮ ಬೋಧನೆಯಲ್ಲಿ ಉದಾಹರಣೆಗಳೊಂದಿಗೆ ವಿವರಿಸುವ ಕೌಶಲ ಎಂದು ನಾವು ಅಭ್ಯಾಸ ಮಾಡುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ‘ಫಿಗರ್’ ಎಂದರೆ ಪುಸ್ತಕದಲ್ಲಿ ಸಂಖ್ಯೆ ಕೊಟ್ಟು ಕೂರಿಸಿದ ಯಾವುದೇ ಚಿತ್ರ. ಅದು ಫೋಟೋ ಆದರೂ ಆದೀತು. ಡಯಾಗ್ರಾಮ್ ಇವೆರಡಕ್ಕಿಂತ ಇಕ್ಕಟ್ಟಾದ ಪದ. ವಸ್ತು ಹೇಗೆ ಕಾಣುತ್ತದೆ ಎಂಬುದು ಅದಕ್ಕೆ ಮುಖ್ಯವಲ್ಲ. ಭಾಗಗಳು ಯಾವುವು, ಯಾವುದು ಯಾವುದಕ್ಕೆ ಸೇರಿದೆ, ಏನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದಷ್ಟನ್ನೇ ಹೇಳಿ ಉಳಿದದ್ದನ್ನು ಬೇಕೆಂದೇ ಬಿಡುತ್ತದೆ. ಕನ್ನಡದಲ್ಲಿ ರೇಖಾಚಿತ್ರ, ಆಕೃತಿ ಎಂಬ ಪದಗಳಿದ್ದರೂ ತರಗತಿಯ ಮಾತಿನಲ್ಲಿ ಎಲ್ಲವೂ ‘ಚಿತ್ರ’ವೇ. ನಕ್ಷೆ ಎಂಬುದಂತೂ ಗಣಿತದ ಪೀರಿಯಡ್ಡಿನಲ್ಲಿ ಗ್ರಾಫು, ಸಮಾಜವಿಜ್ಞಾನದಲ್ಲಿ ಭೂಪಟ, ಮನೆ ಕಟ್ಟುವಾಗ ಪ್ಲಾನು. ಪದಗಳು ಹೀಗೆ ಒಂದರೊಳಗೊಂದು ಬೆರೆತಿರುವುದರಿಂದ ನಷ್ಟವಾಗುವುದು ಭಾಷೆಗಲ್ಲ, ಮಗುವಿಗೆ. ಚಿತ್ರಕಲೆಯ ತರಗತಿಯಲ್ಲಿ ಬರೆದ ಮಾವಿನಮರವೂ ವಿಜ್ಞಾನದ ತರಗತಿಯಲ್ಲಿ ಬರೆದ ಹೃದಯವೂ ಒಂದೇ ಜಾತಿಯವು ಎಂದು ಅದು ತಿಳಿಯುತ್ತದೆ. ಎರಡಕ್ಕೂ ‘ಅಂದವಾಗಿದೆ’ ಎಂಬ ಒಂದೇ ಷರಾ ಸಿಗುತ್ತದೆ.

ಈ ಎರಡರ ವ್ಯತ್ಯಾಸವನ್ನು ವ್ಯಾಖ್ಯೆ ಹೇಳಿ ತಿಳಿಸುವ ಬದಲು ಮಾಡಿಸಿ ನೋಡೋಣ ಎಂದುಕೊಂಡು ಒಂದು ಶನಿವಾರ ಒಂಬತ್ತನೆಯ ತರಗತಿಗೆ ಒಂದು ಕೆಲಸ ಕೊಟ್ಟೆ. ‘ನಿಮ್ಮ ಮನೆಗೆ ದೂರದ ನೆಂಟರು ಬಂದಿದ್ದಾರೆ. ಬೆಟ್ಟ ಹತ್ತಬೇಕಂತೆ. ಜೊತೆಗೆ ಹೋಗೋಕೆ ಯಾರಿಗೂ ಬಿಡುವಿಲ್ಲ. ಒಂದು ಚೀಟಿಯಲ್ಲಿ ದಾರಿ ಬರೆದುಕೊಡಿ.’ ಹೆಚ್ಚಿನವರು ಬೆಟ್ಟವನ್ನೇ ಬರೆದರು. ಹಿಂದೆ ಸೂರ್ಯ, ಎರಡು ಹಕ್ಕಿ, ಒಂದು ತೆಂಗಿನಮರ. ಒಬ್ಬ ಹುಡುಗ ಮಾತ್ರ ಒಂದು ಅಂಕುಡೊಂಕು ಗೆರೆ ಎಳೆದು ಅದರ ಮೇಲೆ ಚುಕ್ಕಿಗಳನ್ನಿಟ್ಟಿದ್ದ. ಕೆಳಗಿನ ಚುಕ್ಕಿಗೆ ‘ಗಂಗಾಧರೇಶ್ವರ ದೇವಸ್ಥಾನ’, ಅದರ ಮೇಲೆ ‘ಒಳಕಲ್ಲು ತೀರ್ಥ’, ಇನ್ನೂ ಮೇಲೆ ‘ಬಸವಣ್ಣ’, ಕೊನೆಗೆ ‘ತುದಿ’. ಪಕ್ಕದಲ್ಲಿ ಒಂದು ಕಡೆ ‘ಇಲ್ಲಿ ಕಂಬಿ ಹಿಡ್ಕೊಳ್ಳಿ’, ಇನ್ನೊಂದು ಕಡೆ ‘ಕೋತಿ, ಚೀಲ ಜೋಪಾನ’ ಎಂದು ಬರೆದಿದ್ದ. ಇಡೀ ತರಗತಿ ನಕ್ಕಿತು, ಚಿತ್ರ ಬರೆಯಲು ಬಾರದವನು ಎಂದು. ‘ನೆಂಟರಿಗೆ ಯಾವ ಚೀಟಿ ಕೊಡ್ತೀರಿ?’ ಎಂದು ಕೇಳಿದಾಗ ನಗು ನಿಂತಿತು.

ಅವನು ಮಾಡಿದ್ದು ದೊಡ್ಡ ಹೆಸರಿರುವ ಕೆಲಸ. ಲಂಡನ್ನಿನ ನೆಲದಡಿ ರೈಲಿನ ಸಿಗ್ನಲ್ ಕಚೇರಿಯಲ್ಲಿ ನಕ್ಷೆಗಾರನಾಗಿದ್ದ ಹ್ಯಾರಿ ಬೆಕ್ 1931ರಲ್ಲಿ ಒಂದು ನಕ್ಷೆ ಬರೆದ. ಊರಿನ ನಿಜವಾದ ತಿರುವು, ದೂರಗಳನ್ನೆಲ್ಲ ಬಿಟ್ಟು ಅಡ್ಡ, ಉದ್ದ, ಓರೆ ಗೆರೆಗಳಲ್ಲಿ ನಿಲ್ದಾಣಗಳ ಸಾಲನ್ನಷ್ಟೇ ತೋರಿಸಿದ. ರೈಲಿನೊಳಗೆ ಕೂತವನಿಗೆ ಬೇಕಾದದ್ದು ಮುಂದಿನ ನಿಲ್ದಾಣ ಯಾವುದು, ಎಲ್ಲಿ ಗಾಡಿ ಬದಲಿಸಬೇಕು ಎಂಬುದು. ಮೇಲೆ ಯಾವ ರಸ್ತೆ ಇದೆ ಎಂಬುದಲ್ಲ. 1933ರಲ್ಲಿ ಅದು ಅಚ್ಚಾಗಿ ಜನರ ಕೈಗೆ ಬಂತು. ಜಗತ್ತಿನ ಬಹಳಷ್ಟು ಮೆಟ್ರೋ ನಕ್ಷೆಗಳು ಇಂದಿಗೂ ಅದೇ ಜಾಡಿನಲ್ಲಿವೆ. 2024ರ ನವೆಂಬರಿನಲ್ಲಿ ನಮ್ಮ ಮೆಟ್ರೋದ ಹಸಿರು ಮಾರ್ಗ ಮಾದಾವರದವರೆಗೆ ಬಂದ ಮೇಲೆ ನೆಲಮಂಗಲದ ಕಡೆಯ ಮಕ್ಕಳಿಗೂ ಬೋಗಿಯ ಬಾಗಿಲ ಮೇಲಿನ ಆ ಗೆರೆ ಪರಿಚಯವಾಗಿದೆ. ‘ಆ ಗೆರೆ ನೆಟ್ಟಗಿದೆ, ಹಳಿ ನೆಟ್ಟಗಿದೆಯಾ?’ ಎಂದು ಕೇಳಿದರೆ ಅವರಿಗೇ ಹೊಳೆಯುತ್ತದೆ.

ಗೆರೆಯಲ್ಲಿ ಬರೆದದ್ದು ಫೋಟೋಗಿಂತ ಹೆಚ್ಚು ಹೇಳಬಲ್ಲದು ಎಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ನಿದರ್ಶನ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಮೇಷ್ಟರ ಪುಸ್ತಕ ಅದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅದರ ಚಿತ್ರಗಳನ್ನು ಸ್ವಾಮಿಯವರೇ ಬರೆದರು. ಒಂದು ಗಿಡದ ಫೋಟೋ ತೆಗೆದರೆ ಹಿಂದಿನ ಪೊದೆ, ಹುಳ ತಿಂದ ಎಲೆ, ನೆರಳು ಎಲ್ಲ ಬರುತ್ತವೆ. ಗಿಡವನ್ನು ಬಲ್ಲವರು ಬರೆದರೆ ಗುರುತಿಸಲು ಬೇಕಾದ ಎಲೆಯ ಜೋಡಣೆ, ಹೂವಿನ ಭಾಗ ಮಾತ್ರ ನಿಲ್ಲುತ್ತವೆ. ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಗಿಡ ಗೊತ್ತಿರಬೇಕು. ನಮ್ಮ ಮಕ್ಕಳು ಪಠ್ಯದ ಚಿತ್ರ ನಕಲು ಮಾಡುವಾಗ ಆ ತೀರ್ಮಾನವನ್ನು ಬೇರೆ ಯಾರೋ ಮೊದಲೇ ಮಾಡಿ ಮುಗಿಸಿರುತ್ತಾರೆ.

ಹೃದಯದ ಚಿತ್ರದ ಕಥೆ ಇನ್ನೂ ಉದ್ದ. ಹತ್ತನೆಯ ತರಗತಿಯಲ್ಲಿ ಬಹುಶಃ ಅತಿ ಹೆಚ್ಚು ಸಲ ಬರೆಸುವ ಚಿತ್ರ ಇದು. ನಾಲ್ಕು ಕೋಣೆ, ಮೇಲೆ ಹೃತ್ಕರ್ಣಗಳು, ಕೆಳಗೆ ಹೃತ್ಕುಕ್ಷಿಗಳು. ಮೊದಲ ತೊಡಕು ಎಡ ಬಲದ್ದು. ಎಡ ಹೃತ್ಕುಕ್ಷಿ ಹಾಳೆಯ ಬಲಗಡೆ ಇರುತ್ತದೆ. ಬಹಳ ಮಕ್ಕಳು ಇದನ್ನು ‘ಉಲ್ಟಾ ಬರೀಬೇಕು’ ಎಂಬ ನಿಯಮವಾಗಿ ಬಾಯಿಪಾಠ ಮಾಡಿರುತ್ತಾರೆ. ಯಾಕೆ ಉಲ್ಟಾ ಎಂದರೆ ಗೊತ್ತಿಲ್ಲ. ಇಲ್ಲಿ ನನ್ನ ಸಹಾಯಕ್ಕೆ ಬಂದದ್ದು ಮತ್ತೆ ಬೆಟ್ಟವೇ. ಶಿವಗಂಗೆಯನ್ನು ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣೇಶ, ಉತ್ತರದಿಂದ ಹೆಡೆಯೆತ್ತಿದ ಸರ್ಪ, ದಕ್ಷಿಣದಿಂದ ಲಿಂಗದ ಹಾಗೆ ಕಾಣುತ್ತದೆ ಎಂದು ಇಲ್ಲಿನವರು ಹೇಳುವುದುಂಟು. ಮಕ್ಕಳಿಗೆಲ್ಲ ಇದು ಗೊತ್ತು. ‘ಬೆಟ್ಟ ಒಂದೇ, ನಿಂತ ಜಾಗ ಬೇರೆ. ಹಾಗಾದರೆ ಹೃದಯದ ಈ ಚಿತ್ರ ಬರೆದವರು ಎಲ್ಲಿ ನಿಂತಿದ್ದರು?’ ಎಂದು ಕೇಳಿದೆ. ಒಬ್ಬಳು ತನ್ನ ಗೆಳತಿಯನ್ನು ಎದುರು ನಿಲ್ಲಿಸಿಕೊಂಡು ಅವಳ ಎಡಗೈ ತನ್ನ ಬಲಕ್ಕೆ ಬರುವುದನ್ನು ತೋರಿಸಿದಳು. ಎದುರಿನಿಂದ ನೋಡಿದ್ದು ಎಂಬ ಒಂದೇ ಮಾತಿನಿಂದ ‘ಉಲ್ಟಾ’ ನಿಯಮದ ಅಗತ್ಯ ಮುಗಿಯಿತು.

ಎರಡನೆಯದು ಬಣ್ಣ. ಚಾರ್ಟಿನಲ್ಲಿ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ. ಆಕ್ಸಿಜನ್ ಕಡಿಮೆಯಿರುವ ರಕ್ತ ನೀಲಿಯಾಗಿರುತ್ತದೆ ಎಂದು ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೇಳಿದರು. ಮುಂಗೈಯ ನರ ನೀಲಿಯಾಗಿ ಕಾಣುವುದೇ ಅವರಿಗೆ ಸಾಕ್ಷಿ. ಆ ರಕ್ತವೂ ಕೆಂಪೇ, ಸ್ವಲ್ಪ ಕಡುಗೆಂಪು. ಆರೋಗ್ಯ ಕೇಂದ್ರದಲ್ಲಿ ಸಿರಿಂಜಿಗೆ ಬರುವುದು ಅಭಿಧಮನಿಯ ರಕ್ತವೇ ಎಂದು ನೆನಪಿಸಿದಾಗ ನಂಬಿದರು. ನೀಲಿ ಎಂಬುದು ಎರಡನ್ನು ಬೇರ್ಪಡಿಸಲು ಚಿತ್ರಕಾರ ಮಾಡಿಕೊಂಡ ಒಪ್ಪಂದ, ಮೆಟ್ರೋದ ನೇರಳೆ ಮಾರ್ಗದ ಹಳಿ ನೇರಳೆ ಬಣ್ಣದ್ದಲ್ಲದ ಹಾಗೆ.

ಮೂರನೆಯದನ್ನು ನಾನು ತಡವಾಗಿ ಗಮನಿಸಿದೆ. ಪಠ್ಯದಲ್ಲಿ ಹೃದಯಕ್ಕೆ ಎರಡು ಚಿತ್ರಗಳಿವೆ. ಒಂದು ಛೇದನೋಟ, ಎಂದರೆ ಚಾಕುವಿನಿಂದ ಸೀಳಿದರೆ ಒಳಗೆ ಕಾಣುವುದು. ಇನ್ನೊಂದು ಆಕ್ಸಿಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಸಾಗಣೆಯದು. ಅದರಲ್ಲಿ ಹೃದಯದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಮರಳಿ ಹೃದಯಕ್ಕೆ, ಮತ್ತೆ ದೇಹದ ಅಂಗಗಳಿಗೆ ರಕ್ತ ಹೋಗುವ ದಾರಿ ಮಾತ್ರ ಇದೆ. ಮೊದಲನೆಯದು ಆಕಾರ ಹೇಳುತ್ತದೆ, ಎರಡನೆಯದು ಸಂಚಾರ ಹೇಳುತ್ತದೆ. ನಾವು ಮೊದಲನೆಯದನ್ನು ಹತ್ತು ಸಲ ಬರೆಸಿ ಎರಡನೆಯದನ್ನು ಓದಿ ಮುಂದೆ ಹೋಗುತ್ತೇವೆ, ಯಾಕೆಂದರೆ ಪರೀಕ್ಷೆಯಲ್ಲಿ ಕೇಳುವುದು ಮೊದಲನೆಯದನ್ನು. ರಕ್ತ ಎರಡು ಸಲ ಹೃದಯದ ಮೂಲಕ ಹಾದುಹೋಗುತ್ತದೆ ಎಂಬ ವಿಷಯ ತಿಳಿಯುವುದು ಎರಡನೆಯದರಿಂದ.

ವಿದ್ಯುನ್ಮಂಡಲದ ಪಾಠದಲ್ಲಿ ಮಕ್ಕಳೇ ನನಗೆ ಕಲಿಸಿದರು. ಬಲ್ಬನ್ನು ಬ್ಯಾಟರಿಯಿಂದ ದೂರ ಬರೆದಿದ್ದ ಹುಡುಗಿಯೊಬ್ಬಳು ‘ಇದು ಡಿಮ್ ಉರಿಯುತ್ತೆ, ದೂರ ಇದೆಯಲ್ಲ’ ಎಂದಳು. ಡಯಾಗ್ರಾಮಿನಲ್ಲಿ ಗೆರೆಯ ಉದ್ದಕ್ಕೆ ಬೆಲೆಯಿಲ್ಲ, ಯಾವುದು ಯಾವುದಕ್ಕೆ ಸೇರಿದೆ ಎಂಬುದಕ್ಕೆ ಮಾತ್ರ ಬೆಲೆ ಎಂದು ನಾನು ವಿವರಿಸಲು ಹೊರಟಾಗ, ಮೋಟಾರ್ ರಿಪೇರಿ ಮಾಡುವವರ ಮಗನೊಬ್ಬ ಎದ್ದುನಿಂತ. ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಯ ಮುಚ್ಚಳದ ಒಳಗೆ ಇಂಥದೇ ಒಂದು ಚೀಟಿ ಅಂಟಿಸಿರುತ್ತಾರೆ, ಅಪ್ಪ ಅದನ್ನು ನೋಡಿಕೊಂಡೇ ವೈರ್ ಕೊಡುವುದು ಎಂದ. ‘ಡಬ್ಬಿಯೊಳಗೆ ವೈರು ಹಾಗೆ ನೆಟ್ಟಗಿರುತ್ತಾ?’ ಎಂದೆ. ‘ಎಲ್ಲಿ ಮಿಸ್, ಹಾವಿನ ಗೂಡಿನಂಗಿರುತ್ತೆ. ಆದ್ರೆ ಚೀಟೀಲಿ ಯಾವ ಸ್ಕ್ರೂನಿಂದ ಯಾವ ಸ್ಕ್ರೂಗೆ ಅಂತ ಇರುತ್ತಲ್ಲ, ಅದೇ ಸಾಕು.’ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅವನ ಅಪ್ಪನಿಗೆ ಆ ಚೀಟಿ ತಪ್ಪಾಗಿ ಓದಿದರೆ ಮೋಟಾರ್ ಸುಡುತ್ತದೆ. ನಮ್ಮ ತರಗತಿಯಲ್ಲಿ ಡಯಾಗ್ರಾಮ್ ತಪ್ಪಾಗಿ ಓದಿದರೆ ಏನೂ ಸುಡುವುದಿಲ್ಲ. ಅಂದವಾಗಿದ್ದರೆ ಅಂಕವೂ ಬರುತ್ತದೆ.

ಅಂಕದ ಮಾತು ಬಂದ ಮೇಲೆ ‘ಪಾಸಿಂಗ್ ಪ್ಯಾಕೇಜ್’ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಪರೀಕ್ಷೆಗೆ ಮುನ್ನ ಕೊಡುವ ಈ ಹಾಳೆಗಳಲ್ಲಿ ಚಿತ್ರಗಳಿಗೆ ಮೊದಲ ಸ್ಥಾನ. ಭಾಷೆಯಲ್ಲಿ ಎಡವುವ ಮಗು ಚಿತ್ರದಲ್ಲಿ ಅಂಕ ಗಳಿಸಬಲ್ಲದು ಎಂಬುದು ಲೆಕ್ಕಾಚಾರ. ಇದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ವಾಕ್ಯ ಬರೆಯಲು ಹೆದರುವ ಒಬ್ಬ ಹುಡುಗ ಕಣ್ಣಿನ ಚಿತ್ರವನ್ನು ಬರೆದು ತಂದು ತೋರಿಸುವಾಗ ಅವನ ಮುಖದಲ್ಲಿದ್ದ ಧೈರ್ಯವನ್ನು ನಾನು ನೋಡಿದ್ದೇನೆ. ಹತ್ತನೆಯ ತರಗತಿ ಪಾಸಾಗುವುದು, ಆಗದಿರುವುದು ಅವನ ಮುಂದಿನ ಹಲವು ವರ್ಷಗಳನ್ನು ನಿರ್ಧರಿಸುತ್ತದೆ. ಹೆಣ್ಣುಮಗುವಾದರೆ ಇನ್ನೂ ಹೆಚ್ಚು. ಆದರೆ ಅದೇ ಹುಡುಗನನ್ನು ‘ಇದರಲ್ಲಿ ಬೆಳಕು ಎಲ್ಲಿಂದ ಒಳಗೆ ಹೋಗುತ್ತಪ್ಪ?’ ಎಂದು ಕೇಳಿದಾಗ ಅವನು ರೆಟಿನಾದ ಕಡೆ ಬೆರಳು ತೋರಿಸಿದ. ಕೈಗೆ ಗೊತ್ತಿದ್ದದ್ದು ತಲೆಗೆ ಬಂದಿರಲಿಲ್ಲ. ಅವನಿಗೆ ಬೇಕಿದ್ದದ್ದು ಹೆಚ್ಚುವರಿಯಾಗಿ ಎರಡು ನಿಮಿಷ, ಒಂದು ಟಾರ್ಚು. ಚಿತ್ರ ಬರೆಸಲು ನಾವು ಕೊಡುವ ಸಮಯದಲ್ಲಿ ಅದು ದೊಡ್ಡ ಪಾಲೇನೂ ಅಲ್ಲ.

ಆ ನಂತರದ ಪಾಠಯೋಜನೆಗಳಲ್ಲಿ ಚಿತ್ರಪಟ ಎಂದು ಬರೆದ ಕಡೆಯೆಲ್ಲ ಕೆಳಗೆ ಇನ್ನೊಂದು ಸಾಲು ಸೇರಿಸುತ್ತಿದ್ದೇನೆ: ‘ಈ ಚಿತ್ರದಲ್ಲಿ ಬಿಟ್ಟಿರುವುದು.’ ಮಸೂರಕ್ಕೆ, ಉಳಿದ ಕಿರಣಗಳು. ಹೃದಯಕ್ಕೆ, ನಿಜವಾದ ಬಣ್ಣ ಮತ್ತು ದಪ್ಪ, ನೋಡಿದ್ದು ಎದುರಿನಿಂದ. ವಿದ್ಯುನ್ಮಂಡಲಕ್ಕೆ, ತಂತಿಯ ಉದ್ದ, ಅಂಕುಡೊಂಕು. ಇದನ್ನು ಬರೆಯಲು ಕೂತಾಗ ಕೆಲವು ಚಿತ್ರಗಳಲ್ಲಿ ಏನು ಬಿಟ್ಟಿದ್ದಾರೆ ಎಂಬುದು ನನಗೇ ಗೊತ್ತಿಲ್ಲ ಎಂದು ತಿಳಿಯಿತು, ಪುಸ್ತಕ ತೆಗೆದು ನೋಡಬೇಕಾಯಿತು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವ ಮೊದಲು ಮಕ್ಕಳಿಗೆ ವಸ್ತುವನ್ನು ಅಥವಾ ಫೋಟೋವನ್ನು ತೋರಿಸಿ, ಆಮೇಲೆ ‘ನಾನೀಗ ಏನೇನು ಬಿಡ್ತೀನಿ ನೋಡಿ’ ಎಂದು ಹೇಳಿಕೊಂಡೇ ಗೆರೆ ಎಳೆಯುತ್ತೇನೆ. ಭಾಗಗಳ ಹೆಸರನ್ನು ಕೊನೆಗೆ ಬರೆಯುತ್ತೇನೆ. ಇದರಿಂದ ಪಾಠ ನಿಧಾನವಾಗುತ್ತದೆ ಎಂಬುದು ನಿಜ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಎರಡು ಸಲ ಮುಕ್ತಾಯದ ಹಂತಕ್ಕೆ ಹೋಗಲಾಗಲಿಲ್ಲ, ವೀಕ್ಷಣಾ ಪುಸ್ತಕದಲ್ಲಿ ‘ಸಮಯ ಪಾಲನೆ ಗಮನಿಸಿ’ ಎಂಬ ಷರಾ ಬಂತು. ಷರಾ ನ್ಯಾಯವಾದದ್ದೇ. ‘ಚಿತ್ರದ ಅಂದ’ಕ್ಕೆ ಇರುವ ಹಾಗೆ ‘ಚಿತ್ರದ ಓದು’ ಎಂಬುದಕ್ಕೂ ಆ ಪುಸ್ತಕದಲ್ಲಿ ಒಂದು ಅಂಕಣವಿದ್ದರೆ ಪ್ರಶಿಕ್ಷಣಾರ್ಥಿಗಳು ಅದಕ್ಕೆ ಸಮಯ ಮೀಸಲಿಡುತ್ತಾರೆ ಎಂದು ಮಾತ್ರ ನಮ್ಮ ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ.

ಬೋಧನಾಭ್ಯಾಸದ ಕೊನೆಯ ವಾರ ನೋಟ್‌ಬುಕ್ ತಿದ್ದುವಾಗ ಎರಡನೆಯ ಸಾಲಿನ ಆ ಹುಡುಗಿಯ ಮಸೂರದ ಚಿತ್ರ ಸಿಕ್ಕಿತು. ಎರಡು ಕಿರಣಗಳನ್ನು ಗಾಢವಾಗಿ ಎಳೆದು, ಉಳಿದ ಜಾಗದಲ್ಲೆಲ್ಲ ಪೆನ್ಸಿಲಿನಿಂದ ತೆಳ್ಳಗೆ ಲೆಕ್ಕವಿಲ್ಲದಷ್ಟು ಗೆರೆ ಎಳೆದಿದ್ದಳು. ಪಕ್ಕದಲ್ಲಿ ಬಾಣದ ಗುರುತು ಹಾಕಿ ‘ಇವು ಇವೆ, ಬರೆಯುವುದಿಲ್ಲ’ ಎಂದು ಬರೆದಿದ್ದಳು. ಹಾಳೆ ಕೊಳೆಯಾಗಿತ್ತು. ಅಂದಕ್ಕೆ ಎಷ್ಟು ಅಂಕ ಕೊಡಬೇಕೋ ತಿಳಿಯದೆ ಸಹಿ ಮಾತ್ರ ಹಾಕಿ ಹಿಂದಿರುಗಿಸಿದೆ.